ಐರನ್ ಮೇಡನ್ ನಿಮಗೆ ಮೊದಲು ಸಿಕ್ಕಿದ್ದು ಯಾವ ಆಲ್ಬಂ ಮೂಲಕ? (ಅಭಿಮಾನಿಗಳ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಎರಡನೇ ಬದಿ

ಇಂಗ್ಲೆಂಡಿನ ಹೆವಿ ಮೆಟಲ್ ತಂಡವಾದ ಐರನ್ ಮೇಡನ್‌ನ ಯಾವ ಆಲ್ಬಂ ಶ್ರೇಷ್ಠ, ಯಾವ ಗಾಯಕರ ಕಾಲ ಒಳ್ಳೆಯದಿತ್ತು, ಮೂರನೆಯ ಗಿಟಾರ್ ನಿಜಕ್ಕೂ ಬೇಕಿತ್ತೇ ಎಂಬ ವಾದಗಳು ನಮ್ಮ ನಡುವೆ ಎಂದೂ ಮುಗಿದಿಲ್ಲ. ಅವನ್ನೆಲ್ಲ ಓದುತ್ತಾ ಬಂದಂತೆ ನನ್ನಲ್ಲಿ ಒಂದು ಗುಮಾನಿ ಗಟ್ಟಿಯಾಗಿದೆ. ಯಾರು ಯಾವ ಆಲ್ಬಮ್ಮಿನಿಂದ ಈ ತಂಡದ ಸಂಗೀತದೊಳಗೆ ಕಾಲಿಟ್ಟರೋ ಅವರು ಕೊನೆಯವರೆಗೂ ಅದರ ವಕೀಲರಾಗಿಯೇ ಉಳಿಯುತ್ತಾರೆ, ಕಾರಣಗಳನ್ನು ಆಮೇಲೆ ಹೊಂದಿಸಿಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಬೆಳೆದವರಿಗೆ 1980ರಲ್ಲಿ ಮೊದಲ ಆಲ್ಬಂ, 1981ರಲ್ಲಿ ‘ಕಿಲ್ಲರ್ಸ್’, 1982ರಲ್ಲಿ ‘ದ ನಂಬರ್ ಆಫ್ ದ ಬೀಸ್ಟ್’ ಎಂದು ತಂಡ ಬೆಳೆದ ಕ್ರಮದಲ್ಲಿಯೇ ಎಲ್ಲವೂ ಸಿಕ್ಕವು. ನಮಗೆ ಆ ಭಾಗ್ಯವಿರಲಿಲ್ಲ. ಅಂಗಡಿಯಲ್ಲಿ ಯಾವುದಿತ್ತೋ ಅದು, ಗೆಳೆಯನ ಅಣ್ಣ ಯಾವುದನ್ನು ಎರವಲು ಕೊಡಲು ಒಪ್ಪಿದನೋ ಅದು ನಮ್ಮ ಪಾಲಿನ ಮೊದಲ ಆಲ್ಬಂ ಆಯಿತು.

ನನ್ನದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಪಿಯುಸಿ ಓದುತ್ತಿದ್ದಾಗ ಸೋದರಮಾವನ ಮನೆಯಲ್ಲಿ ‘ಲೈವ್ ಆಫ್ಟರ್ ಡೆತ್’ ಕ್ಯಾಸೆಟ್ ಕಣ್ಣಿಗೆ ಬಿತ್ತು. 1985ರಲ್ಲಿ ಬಂದ ಈ ಆಲ್ಬಮ್ಮಿನ ಬಹುಭಾಗ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಅರೀನಾದಲ್ಲಿಯೂ ಉಳಿದದ್ದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿಯೂ ಧ್ವನಿಮುದ್ರಣಗೊಂಡದ್ದು. ಪ್ಲೇ ಗುಂಡಿ ಒತ್ತಿದರೆ ಮೊದಲು ಗಿಟಾರ್ ಬರಲಿಲ್ಲ, ವಿನ್‌ಸ್ಟನ್ ಚರ್ಚಿಲ್ ಅವರ 1940ರ ಭಾಷಣ ಬಂತು. ಅದು ಮುಗಿಯುತ್ತಿದ್ದಂತೆ ಜನರ ಕೂಗು, ಆ ಕೂಗಿನ ಮೇಲೆಯೇ ‘ಏಸಸ್ ಹೈ’. ಮುಂದೆ ಇದೇ ಹಾಡುಗಳ ಸ್ಟುಡಿಯೋ ರೂಪಗಳನ್ನು ಕೇಳಿದಾಗ ಅವೆಲ್ಲ ನನಗೆ ನಿಧಾನವೆನಿಸಿದವು, ಏಕೆಂದರೆ ವೇದಿಕೆ ಹತ್ತಿದೊಡನೆ ಈ ತಂಡದ ಲಯ ಒಂದಿಷ್ಟು ಮುಂದಕ್ಕೆ ಓಡುತ್ತದೆ. ‘ಫ್ಯಾಂಟಮ್ ಆಫ್ ದ ಓಪೆರಾ’ವನ್ನು ಮೊದಲು ಹಾಡಿದವರು ತಂಡದ ಹಿಂದಿನ ಗಾಯಕ ಪಾಲ್ ಡಿಯಾನೋ ಎಂದು ತಿಳಿದ ಮೇಲೂ ನನ್ನ ಕಿವಿಗೆ ಅದು ಅವರ ನಂತರ ಬಂದ ಬ್ರೂಸ್ ಡಿಕಿನ್ಸನ್ ಅವರ ಹಾಡೇ ಆಗಿ ಉಳಿದಿದೆ.

ಮೆಚ್ಚಿನ ಹತ್ತು ಹಾಡುಗಳ ಪಟ್ಟಿ ದಯವಿಟ್ಟು ಬೇಡ. ಯಾವ ಆಲ್ಬಂ, ಹೇಗೆ ಸಿಕ್ಕಿತು, ಇಂದಿಗೂ ಅದೇ ನಿಮ್ಮ ಮೆಚ್ಚಿನದೇ ಎಂಬುದನ್ನು ಬರೆಯಿರಿ.

ಸಿ-90

ನಿಮ್ಮ ಗುಮಾನಿಗೆ ನನ್ನ ಸಾಕ್ಷ್ಯವನ್ನೂ ಸೇರಿಸಿಕೊಳ್ಳಬಹುದು. ಹುಬ್ಬಳ್ಳಿಯಲ್ಲಿ ನಾವು ಹೋಗುತ್ತಿದ್ದ ರೆಕಾರ್ಡಿಂಗ್ ಅಂಗಡಿಯ ವ್ಯವಹಾರವನ್ನು ಇಂದಿನವರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಅಂಗಡಿಯವರ ಬಳಿ ಎಲ್‌ಪಿ ತಟ್ಟೆಗಳಿದ್ದವು, ಅವುಗಳ ಹೆಸರುಗಳನ್ನು ಬರೆದಿಟ್ಟ ಉದ್ದನೆಯ ನೋಟುಪುಸ್ತಕ ಕಟ್ಟೆಯ ಮೇಲಿರುತ್ತಿತ್ತು. ನಾವು ಖಾಲಿ ಕ್ಯಾಸೆಟ್ ಕೊಂಡು ಯಾವ ಬದಿಗೆ ಏನು ತುಂಬಬೇಕೆಂದು ಚೀಟಿ ಬರೆದುಕೊಟ್ಟು ಬರಬೇಕು, ಎರಡು ದಿನ ಬಿಟ್ಟು ಹೋಗಿ ತರಬೇಕು. ಮನೆಗೆ ಬಂದೊಡನೆ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಕ್ಯಾಸೆಟ್ಟಿನ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಪೆನ್ನಿನ ತುದಿಯಿಂದ ಮುರಿದು ಹಾಕುವುದು, ಇಲ್ಲವಾದರೆ ಅದರ ಮೇಲೆ ಯಾರಾದರೂ ಭಜನೆ ರೆಕಾರ್ಡ್ ಮಾಡಿಬಿಡುವ ಸಂಭವವಿತ್ತು.

ಹಣ ಉಳಿಸಲೆಂದು ನಾವು ತೊಂಬತ್ತು ನಿಮಿಷದ ಒಂದೇ ಕ್ಯಾಸೆಟ್ಟಿನಲ್ಲಿ ಎರಡು ಆಲ್ಬಂ ತುಂಬಿಸುತ್ತಿದ್ದೆವು. ಒಂದು ಬದಿಗೆ ‘ದ ನಂಬರ್ ಆಫ್ ದ ಬೀಸ್ಟ್’, ಇನ್ನೊಂದು ಬದಿಗೆ 1984ರ ‘ಪವರ್‌ಸ್ಲೇವ್’. ಮೊದಲನೆಯದು ಸುಮಾರು 40 ನಿಮಿಷದ್ದು, ಆರಾಮವಾಗಿ ಹಿಡಿಯಿತು. ‘ಪವರ್‌ಸ್ಲೇವ್’ ಹತ್ತಿರಹತ್ತಿರ 51 ನಿಮಿಷದ್ದು, ಕ್ಯಾಸೆಟ್ಟಿನ ಬದಿ 45 ನಿಮಿಷದ್ದು. ಆಲ್ಬಮ್ಮಿನ ಕೊನೆಯ ಹಾಡು ‘ರೈಮ್ ಆಫ್ ದ ಏನ್ಶಿಯೆಂಟ್ ಮ್ಯಾರಿನರ್’ ಒಂದೇ 13 ನಿಮಿಷಕ್ಕೂ ಮಿಕ್ಕಿದ್ದು. ಹೀಗಾಗಿ ಆ ಹಾಡಿನ ನಡುವೆ ಗಿಟಾರು, ಡ್ರಮ್ಸುಗಳೆಲ್ಲ ಅಡಗಿ, ಹಡಗಿನ ಮರ ಕಿರುಗುಟ್ಟುವ ಸದ್ದಿನ ಮೇಲೆ ಬೇಸ್ ಗಿಟಾರ್ ಮೆಲ್ಲಗೆ ನಡೆಯುವ ಭಾಗವೊಂದಿದೆಯಲ್ಲ, ಅದರಿಂದ ತಂಡ ಮತ್ತೆ ಮೇಲೇಳುವ ಹೊತ್ತಿಗೆ ನನ್ನ ಟೇಪು ಖಟ್ಟೆಂದು ನಿಂತುಬಿಡುತ್ತಿತ್ತು. ಕಾಲೇಜು ಮುಗಿಯುವವರೆಗೂ ನಾನು ಕೇಳಿದ್ದು ಅಷ್ಟೇ ಹಾಡು. ಆದರೂ ಇಂದಿಗೂ ನನಗೆ ‘ಪವರ್‌ಸ್ಲೇವ್’ಗಿಂತ ಮಿಗಿಲಾದದ್ದಿಲ್ಲ.

ಇಂಗ್ಲಿಷ್ ಮೇಷ್ಟ್ರು

ಸಿ-90 ಅವರೇ, ನಿಮ್ಮ ಟೇಪು ನಿಲ್ಲುತ್ತಿದ್ದ ಜಾಗ ಯಾವುದೆಂದು, ಆ ಹಾಡಿಗೆ ಮೂಲವಾದ ಕೋಲ್‌ರಿಜ್ ಕವಿತೆಯನ್ನು ಪಾಠ ಮಾಡುವವನಾಗಿ ನಾನು ಹೇಳಬಲ್ಲೆ. ನಾವಿಕನು ಆಲ್ಬಟ್ರಾಸ್ ಹಕ್ಕಿಯನ್ನು ಕೊಂದ ಪಾಪಕ್ಕೆ ಹಡಗಿನ ಇನ್ನೂರು ಜನ ಒಬ್ಬೊಬ್ಬರಾಗಿ ಸತ್ತು ಬೀಳುವ ಸಂದರ್ಭವದು. ಆ ಮೆಲುದನಿಯ ಭಾಗದಲ್ಲಿ ಕೇಳಿಸುವ ಸಾಲುಗಳು ತಂಡ ಬರೆದವಲ್ಲ, ಮೂಲ ಕವಿತೆಯವೇ. ನಾವಿಕನು ನೀರಹಾವುಗಳನ್ನು ಕಂಡು ಮನಸಾರೆ ಹರಸುವುದು, ಹಕ್ಕಿ ಕೊರಳಿನಿಂದ ಕಳಚಿ ಬೀಳುವುದು, ಮಳೆ ಬರುವುದು ಎಲ್ಲವೂ ಆಮೇಲಿನದು. ಅಂದರೆ ಕಾಲೇಜು ಮುಗಿಯುವವರೆಗೂ ತಾವು ಶಾಪವನ್ನು ಮಾತ್ರ ಕೇಳಿದ್ದೀರಿ, ವಿಮೋಚನೆ ತಮಗೆ ಸಿಕ್ಕಿಲ್ಲ.

ನನ್ನ ದಾರಿ ಉಳಿದವರಿಗಿಂತ ತಿರುಗುಮುರುಗಾದದ್ದು. ಧಾರವಾಡದಲ್ಲಿ ಎಂ.ಎ. ಮುಗಿಸಿ ಪದವಿ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ 1798ರ ಈ ಕವಿತೆಯನ್ನು ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿ ತೆರೆಯದಿದ್ದ ಹುಡುಗನೊಬ್ಬ ಮುಂದೇನಾಗುತ್ತದೆ ಎಂಬುದನ್ನು ನಾನು ಹೇಳುವ ಮೊದಲೇ ಹೇಳಿದ. ಕವಿತೆ ಓದಿದ್ದೀಯಾ ಎಂದರೆ ಇಲ್ಲ ಸರ್, ಕೇಳಿದ್ದೇನೆ ಎಂದ. ಮರುದಿನ ಕ್ಯಾಸೆಟ್ ತಂದುಕೊಟ್ಟ. ಹೆವಿ ಮೆಟಲ್ ಎಂದರೆ ಗದ್ದಲವೆಂದೇ ತಿಳಿದಿದ್ದವನು ನಾನು, ಆ ಗದ್ದಲದಲ್ಲಿ ಕಥೆಯ ಕ್ರಮ ಎಲ್ಲಿಯೂ ತಪ್ಪಿಲ್ಲದಿರುವುದನ್ನು ಕಂಡು ಕುತೂಹಲದಿಂದ ಉಳಿದವನ್ನು ಹುಡುಕಿಕೊಂಡು ಹೋದೆ. ‘ದ ಟ್ರೂಪರ್’ ಹಾಡಿನಲ್ಲಿ 1854ರ ಕ್ರಿಮಿಯಾ ಯುದ್ಧದ ಕುದುರೆ ಪಡೆ ಸಿಕ್ಕಿತು, ಅದರ ಹಿಂದೆ ಟೆನಿಸನ್ ಅವರ ಕವಿತೆ ಇತ್ತು. ನನಗೆ ಈ ತಂಡವೆಂದರೆ ಮುಖ್ಯವಾಗಿ ಅದರ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಎಂಬ ಓದುಗ. ಬೇಸ್ ನುಡಿಸುವವರು ಬೇಸರಿಸಬಾರದು.

ಬಾಡಿಗೆ ಪುಸ್ತಕ

ಮೇಷ್ಟ್ರ ಮಾತಿಗೆ ನನ್ನದೊಂದು ಸಣ್ಣ ಅನುಬಂಧ. ಬಸವನಗುಡಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಅಲಿಸ್ಟೇರ್ ಮೆಕ್ಲೀನ್ ಕಾದಂಬರಿಗಳನ್ನು ಒಂದರ ಹಿಂದೆ ಒಂದು ತಂದು ಓದುತ್ತಿದ್ದ ದಿನಗಳವು. 1983ರ ‘ಪೀಸ್ ಆಫ್ ಮೈಂಡ್’ ಕ್ಯಾಸೆಟ್ಟಿನ ಮೊದಲ ಹಾಡಿಗೆ ಮೆಕ್ಲೀನ್ ಕಾದಂಬರಿಯದೇ ಹೆಸರು, ‘ವೇರ್ ಈಗಲ್ಸ್ ಡೇರ್’, ಇರುವುದು ಕಂಡಾಗ ನಾನು ಬೇರೇನನ್ನೂ ವಿಚಾರಿಸದೆ ಕೊಂಡುಬಿಟ್ಟೆ. ನಿಕೋ ಮೆಕ್‌ಬ್ರೇನ್ ತಂಡಕ್ಕೆ ಬಂದ ಮೇಲಿನ ಮೊದಲ ಆಲ್ಬಂ ಅದು, ಆ ಹಾಡು ಶುರುವಾಗುವುದೂ ಅವರ ಡ್ರಮ್ಸಿನಿಂದಲೇ. ಕಾದಂಬರಿ ಓದಿದವರಿಗೆ ಹಾಡಿನಲ್ಲಿ ಹೊಸದೇನೂ ಇಲ್ಲ, ಆದರೆ ಆ ಡ್ರಮ್ಸ್ ಕಾದಂಬರಿಯಲ್ಲಿಲ್ಲ. ಮೆಚ್ಚಿನ ಆಲ್ಬಂ ಇಂದಿಗೂ ಅದೇ.

ಕರಾವಳಿ ಬೇಸ್

ಮೇಷ್ಟ್ರೇ, ಬೇಸರವೇನೂ ಇಲ್ಲ, ಆದರೆ ಸ್ಟೀವ್ ಹ್ಯಾರಿಸ್ ಅವರನ್ನು ಬರೀ ಓದುಗರನ್ನಾಗಿ ಮಾಡಲು ನಾನು ಬಿಡುವುದಿಲ್ಲ. ಪ್ಲೆಕ್ಟ್ರಮ್ ಹಿಡಿಯದೆ ಬೆರಳುಗಳಲ್ಲಿಯೇ ಕುದುರೆಯ ನಾಗಾಲೋಟದಂತಹ ಆ ಲಯವನ್ನು ಎರಡು ಗಂಟೆ ಹಿಡಿದಿಡುವ ಬೇಸ್ ವಾದಕರು ರಾಕ್ ಸಂಗೀತದಲ್ಲಿ ಎಷ್ಟು ಮಂದಿ ಇದ್ದಾರೆ? ತಂಡವನ್ನು ಕಟ್ಟಿದವರು, ಬಹುಪಾಲು ಹಾಡುಗಳನ್ನು ಬರೆದವರು, ಇಂದಿಗೂ ನಡೆಸುತ್ತಿರುವವರು ಒಬ್ಬ ಬೇಸ್ ವಾದಕರು ಎಂಬುದೇ ನಾನು ಈ ವಾದ್ಯ ಹಿಡಿಯಲು ಕಾರಣ.

ಆದರೆ ನನಗೆ ಸಂಗೀತಕ್ಕಿಂತ ಮೊದಲು ಸಿಕ್ಕಿದ್ದು ಚಿತ್ರ. ಉಡುಪಿಯಲ್ಲಿ ಹೈಸ್ಕೂಲಿನಲ್ಲಿದ್ದಾಗ ಮಣಿಪಾಲದಲ್ಲಿ ಓದುತ್ತಿದ್ದ ಬಂಧುವೊಬ್ಬರು ರಜೆಯಲ್ಲಿ ಮನೆಗೆ ಬಂದಿದ್ದರು, ಅವರ ಟೀ-ಶರ್ಟಿನ ಮೇಲೆ ತಂಡದ ಲಾಂಛನವಾದ ಎಡ್ಡಿ ಇದ್ದ. ಡೆರೆಕ್ ರಿಗ್ಸ್ ಎಂಬ ಚಿತ್ರಕಾರರು ಮೊದಲ ಆಲ್ಬಮ್ಮಿನಿಂದಲೇ ಬರೆದುಕೊಂಡು ಬಂದ, ಚರ್ಮ ಬಿಗಿದ ಮುಖದ ಆ ಅಸ್ಥಿಪಂಜರವನ್ನು ನೋಡಿ ಅಮ್ಮ ಗೊಣಗಿದರು, ಇಂಥದನ್ನು ಹಾಕಿಕೊಂಡು ದೇವರ ಕೋಣೆಗೆ ಹೋಗಬೇಡ ಎಂದರು. ಅಜ್ಜಿ ಮಾತ್ರ ಕನ್ನಡಕ ಸರಿಮಾಡಿಕೊಂಡು ನೋಡಿ, ಬಣ್ಣದ ವೇಷದ ಹಾಗಿದೆ, ಆದರೆ ಮುಖಕ್ಕೆ ಚುಟ್ಟಿ ಇಟ್ಟಿಲ್ಲ ಎಂದರು. ಯಕ್ಷಗಾನದಲ್ಲಿ ರಾಕ್ಷಸ ವೇಷ ನೋಡುತ್ತಾ ಬೆಳೆದ ನಮಗೆ ಎಡ್ಡಿ ಹೆದರಿಸುವವನಾಗಿ ಕಾಣಲಿಲ್ಲ, ರಂಗಕ್ಕೆ ಬಂದು ಅಬ್ಬರಿಸಿ ಹೋಗುವವನಾಗಿ ಕಂಡ. ತಂಡವೂ ಅವನನ್ನು ವೇದಿಕೆಯಲ್ಲಿ ಬಳಸುವುದು ಹಾಗೆಯೇ.

ಆ ಬಂಧು ಬಿಟ್ಟುಹೋದ ಕ್ಯಾಸೆಟ್ 1986ರ ‘ಸಮ್‌ವೇರ್ ಇನ್ ಟೈಮ್’. ಕ್ಯಾಸೆಟ್ಟಿನ ಪುಟ್ಟ ಕಾಗದದಲ್ಲಿ ಎಡ್ಡಿ, ಅವನ ಕೈಯ ಬಂದೂಕು, ನಿಯಾನ್ ದೀಪಗಳಷ್ಟೇ ಗೊತ್ತಾಗುತ್ತಿದ್ದವು. ಬಹಳ ವರ್ಷಗಳ ನಂತರ ಎಲ್‌ಪಿಯ ಹೊದಿಕೆಯನ್ನು ಮುಂದೆ ಹಿಂದೆ ಪೂರ್ತಿ ಬಿಡಿಸಿ ನೋಡಿದಾಗ ಅದರೊಳಗೆ ತಂಡದ ಚರಿತ್ರೆಯೇ ಅಡಗಿರುವುದು ಕಂಡಿತು. ಒಂದು ಗಡಿಯಾರ 23:58 ತೋರಿಸುತ್ತದೆ, ಅದು ‘2 ಮಿನಿಟ್ಸ್ ಟು ಮಿಡ್‌ನೈಟ್’ ಹಾಡು. ಆಕಾಶದಿಂದ ಇಕಾರಸ್ ಬೀಳುತ್ತಿದ್ದಾನೆ, ಅದು ‘ಫ್ಲೈಟ್ ಆಫ್ ಇಕಾರಸ್’ ಹಾಡು. ಫುಟ್‌ಬಾಲ್ ಫಲಿತಾಂಶ ತೋರಿಸುವ ಫಲಕದಲ್ಲಿ ವೆಸ್ಟ್ ಹ್ಯಾಮ್ 7, ಆರ್ಸೆನಲ್ 3 ಎಂದಿದೆ, ಹ್ಯಾರಿಸ್ ವೆಸ್ಟ್ ಹ್ಯಾಮ್ ಕಟ್ಟಾ ಅಭಿಮಾನಿ. ಈ ಆಲ್ಬಮ್ಮನ್ನು ಗಿಟಾರ್ ಸಿಂಥಸೈಜರ್ ಬಳಸಿತೆಂಬ ಒಂದೇ ಕಾರಣಕ್ಕೆ ಮೂಗು ಮುರಿಯುವವರಿದ್ದಾರೆ. ಅವರೊಡನೆ ನನಗೆ ಮಾತಿಲ್ಲ.

ವೈಸ್ ಸಿಟಿ ಚಾಲಕ

ಇಲ್ಲಿರುವವರಲ್ಲಿ ನಾನು ಕಿರಿಯವನಿರಬೇಕು, ಕ್ಯಾಸೆಟ್ಟಿನ ಕಥೆಗಳು ನನ್ನ ಬಳಿ ಇಲ್ಲ. ದಾವಣಗೆರೆಯಲ್ಲಿ ನಮ್ಮ ಬೀದಿಯ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ‘ಗ್ರ್ಯಾಂಡ್ ಥೆಫ್ಟ್ ಆಟೋ: ವೈಸ್ ಸಿಟಿ’ ಆಡುತ್ತಿದ್ದೆವು. 2002ರಲ್ಲಿ ಬಂದ ಆ ಆಟದ ಕಥೆ ನಡೆಯುವುದು 1986ರಲ್ಲಿ, ಹೀಗಾಗಿ ಕಾರು ಹತ್ತಿದರೆ ರೇಡಿಯೋದಲ್ಲಿ ಆ ಕಾಲದ ಹಾಡುಗಳು ಬರುತ್ತವೆ. ‘ವಿ-ರಾಕ್’ ಎಂಬ ಕೇಂದ್ರದಲ್ಲಿ ‘2 ಮಿನಿಟ್ಸ್ ಟು ಮಿಡ್‌ನೈಟ್’ ಬಂದರೆ ನಾನು ಮಿಷನ್ ಮುಗಿಸುವ ಗೋಜಿಗೆ ಹೋಗದೆ ಸಮುದ್ರದಂಡೆಯ ರಸ್ತೆಯಲ್ಲಿ ಸುಮ್ಮನೆ ಕಾರು ಓಡಿಸುತ್ತಿದ್ದೆ. ಪಕ್ಕದವರು ಬೈಯುತ್ತಿದ್ದರು, ಏಕೆಂದರೆ ಗಂಟೆಯ ದುಡ್ಡನ್ನು ಎಲ್ಲರೂ ಸೇರಿ ಹಾಕುತ್ತಿದ್ದೆವು.

ತಂಡದ ಹೆಸರು ಪತ್ತೆಯಾದ ಮೇಲೆ ಕೆಫೆಯವರೇ ಎಲ್ಲ ಆಲ್ಬಮ್ಮುಗಳಿದ್ದ ಎಂಪಿ3 ಸಿಡಿಯೊಂದನ್ನು ಬರೆದುಕೊಟ್ಟರು. ಎರಡನೇ ಬದಿ ಅವರು ಕ್ರಮದ ಮಾತೆತ್ತಿದ್ದಾರೆ, ನನಗೆ ಸಿಕ್ಕ ಕ್ರಮ ಯಾವುದು ಗೊತ್ತೇ? ಕಂಪ್ಯೂಟರಿನ ಅಕಾರಾದಿ ಕ್ರಮ. ಫೋಲ್ಡರುಗಳ ಸಾಲಿನಲ್ಲಿ ‘ಬ್ರೇವ್ ನ್ಯೂ ವರ್ಲ್ಡ್’ ಎಲ್ಲಕ್ಕಿಂತ ಮೇಲಿತ್ತು, ಅದರ ಕೆಳಗೆ ‘ಡಾನ್ಸ್ ಆಫ್ ಡೆತ್’, ಆಮೇಲೆ ‘ಫಿಯರ್ ಆಫ್ ದ ಡಾರ್ಕ್’. ಹೀಗೆ 2000ದ ಆಲ್ಬಂ ನನ್ನ ಮೊದಲನೆಯದಾಯಿತು. ಬ್ರೂಸ್ ಡಿಕಿನ್ಸನ್ ಮತ್ತು ಏಡ್ರಿಯನ್ ಸ್ಮಿತ್ 1999ರಲ್ಲಿ ಮರಳಿ ಬಂದ ಮೇಲಿನ ಮೊದಲ ಆಲ್ಬಂ ಅದು, ಡೇವ್ ಮರ್ರೆ, ಸ್ಮಿತ್, ಯಾನಿಕ್ ಗರ್ಸ್ ಎಂದು ಮೂರು ಗಿಟಾರುಗಳಿರುವುದೂ ಅಲ್ಲಿಂದಲೇ. ನನಗೆ ಮೂರು ಗಿಟಾರುಗಳ ಮೇಡನ್ ಸಹಜವಾದದ್ದು, ಎರಡು ಗಿಟಾರಿನದು ಹಳೆಯ ಕಾಲದ್ದು. ಹಿರಿಯರು ಕ್ಷಮಿಸಬೇಕು.

ಬ್ಲೇಜ್ ಪರ

ಕ್ಷಮೆ ಕೇಳುವ ಸರದಿ ನಿಮ್ಮದಲ್ಲ, ನನ್ನದು. ನನ್ನ ಮೊದಲ ಆಲ್ಬಂ 1995ರ ‘ದ ಎಕ್ಸ್ ಫ್ಯಾಕ್ಟರ್’. 1993ರಲ್ಲಿ ಬ್ರೂಸ್ ಬಿಟ್ಟುಹೋದ ಮೇಲೆ ಬ್ಲೇಜ್ ಬೇಯ್ಲಿ ಹಾಡಿದ ಎರಡು ಆಲ್ಬಮ್ಮುಗಳನ್ನು ಇಲ್ಲಿ ಯಾರೂ ಹೆಸರಿಸುವುದೂ ಇಲ್ಲ. ಶಿವಮೊಗ್ಗದ ಅಂಗಡಿಯಲ್ಲಿ ಈ ತಂಡದ್ದೆಂದು ಇದ್ದದ್ದು ಅದೊಂದೇ ಕ್ಯಾಸೆಟ್, ಬಹುಶಃ ಬೇರೆ ಯಾರೂ ಕೊಳ್ಳದೆ ಉಳಿದದ್ದು. ಮಳೆಗಾಲವಿಡೀ ಅದನ್ನೇ ಕೇಳಿದೆ. ‘ಸೈನ್ ಆಫ್ ದ ಕ್ರಾಸ್’ ಹಾಡಿನ 11 ನಿಮಿಷಗಳಲ್ಲಿರುವ ಕತ್ತಲೆಯನ್ನು ಈ ತಂಡ ಬೇರೆಲ್ಲೂ ಮುಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ. ಬ್ಲೇಜ್ ಅವರ ಕಂಠಕ್ಕೆ ಹಳೆಯ ಹಾಡುಗಳ ಎತ್ತರ ನಿಲುಕುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಬ್ರೂಸ್ ಮರಳಿದ ಮೇಲೆ 2001ರ ರಾಕ್ ಇನ್ ರಿಯೋ ಉತ್ಸವದಲ್ಲಿ ತಂಡ ಬ್ಲೇಜ್ ಕಾಲದ ‘ಸೈನ್ ಆಫ್ ದ ಕ್ರಾಸ್’ ಮತ್ತು ‘ದ ಕ್ಲಾನ್ಸ್‌ಮನ್’ ಎರಡನ್ನೂ ನುಡಿಸಿತು. ಬರೆದವರಿಗೇ ಅವು ಬೇಡವಾಗಿರಲಿಲ್ಲ ಎಂದ ಮೇಲೆ ಕೇಳುವವರಿಗೇಕೆ ಇಷ್ಟು ಮಡಿ?

ಲಂಡನ್ ಕನ್ನಡತಿ

ಎರಡನೇ ಬದಿ ಅವರೇ, ಇಂಗ್ಲೆಂಡಿನವರಿಗೆ ಎಲ್ಲವೂ ಕ್ರಮವಾಗಿ ಸಿಕ್ಕಿತು ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಸ್ಟೀವ್ ಹ್ಯಾರಿಸ್ 1975ರ ಕ್ರಿಸ್ಮಸ್ ದಿನ ಲೇಟನ್‌ನಲ್ಲಿ ತಂಡ ಕಟ್ಟಿದ ಮೇಲೆ ಮೊದಲ ಆಲ್ಬಂ ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಅವಧಿಯಲ್ಲಿ ಪೂರ್ವ ಲಂಡನ್ನಿನ ಪಬ್ಬುಗಳಲ್ಲಿ ಇವರನ್ನು ಕೇಳಿದವರಿಗೆ ಮುದ್ರಿತ ಹಾಡು ಒಂದೂ ಇರಲಿಲ್ಲ, ಗಾಯಕರೂ ಗಿಟಾರ್ ವಾದಕರೂ ಬದಲಾಗುತ್ತಲೇ ಇದ್ದರು. ಸ್ಟ್ರಾಟ್‌ಫರ್ಡಿನ ಕಾರ್ಟ್ ಅಂಡ್ ಹಾರ್ಸಸ್ ಪಬ್ಬಿನಲ್ಲಿ 1976ರಲ್ಲಿ ಅವರು ಮತ್ತೆ ಮತ್ತೆ ನುಡಿಸಿದ್ದರು, ಆ ಪಬ್ಬು ಇಂದಿಗೂ ತಂಡದ ಜನ್ಮಸ್ಥಳವೆಂದು ಹೇಳಿಕೊಳ್ಳುತ್ತದೆ.

1978ರ ಡಿಸೆಂಬರಿನ ಕೊನೆಯ ಎರಡು ದಿನ ಕೇಂಬ್ರಿಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ಅವರು ಕೆಲವು ಹಾಡುಗಳ ಡೆಮೊ ಮಾಡಿದರು. ಆ ಟೇಪನ್ನು ನೀಲ್ ಕೇ ಎಂಬ ಡಿಜೆ ಕೈಗೆ ಕೊಟ್ಟರು. ವಾಯವ್ಯ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಅವರು ನಡೆಸುತ್ತಿದ್ದ ಸೌಂಡ್‌ಹೌಸ್‌ಗೆ ಜನ ಬಂದು ರಾಕ್ ತಟ್ಟೆಗಳನ್ನು ಕೇಳುತ್ತಿದ್ದರು, ತಮಗೆ ಬೇಕಾದ ಹಾಡು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಆ ಕೋರಿಕೆಗಳ ಪಟ್ಟಿ ‘ಸೌಂಡ್ಸ್’ ವಾರಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು, ಅದರಲ್ಲಿ ಈ ಡೆಮೊದ ‘ಪ್ರೌಲರ್’ ಮೊದಲ ಸ್ಥಾನಕ್ಕೇರಿತು. ಯಾವ ಅಂಗಡಿಯಲ್ಲೂ ಸಿಗದ ಹಾಡು! ಕೊನೆಗೆ 1979ರ ನವೆಂಬರಿನಲ್ಲಿ ಮೂರು ಹಾಡುಗಳ ‘ದ ಸೌಂಡ್‌ಹೌಸ್ ಟೇಪ್ಸ್’ ತಟ್ಟೆಯನ್ನು 5,000 ಪ್ರತಿ ಅಚ್ಚು ಹಾಕಿಸಿ ಅಂಚೆಯ ಮೂಲಕ ಮಾರಿದರು. ಆಮೇಲೆ ಧ್ವನಿಮುದ್ರಣ ಕಂಪನಿ ಇಎಂಐ ಬಂತು. ಹುಬ್ಬಳ್ಳಿಯ ರೆಕಾರ್ಡಿಂಗ್ ಅಂಗಡಿಗೂ ಕಿಂಗ್ಸ್‌ಬರಿಗೂ ನೀವು ತಿಳಿದಷ್ಟು ದೂರವಿಲ್ಲ. ಎರಡೂ ಕಡೆ ತಟ್ಟೆಗಳಿರುವ ಒಬ್ಬರು, ಅವರ ಮುಂದೆ ಚೀಟಿ ಹಿಡಿದ ಹತ್ತು ಜನ.

ನಾನು ಚಿಕ್ಕಮಗಳೂರಿನವಳು, ಕೆಲಸಕ್ಕೆಂದು ಇಲ್ಲಿಗೆ ಬರುವವರೆಗೆ ರಾಕ್ ಕೇಳಿದವಳೇ ಅಲ್ಲ. ಈಸ್ಟ್ ಹ್ಯಾಮ್‌ನಲ್ಲಿ ಹುಟ್ಟಿ ಬೆಳೆದ ಹಿರಿಯ ಸಹೋದ್ಯೋಗಿಯೊಬ್ಬರು, ಕೇಳುವುದಾದರೆ ಮೊದಲಿನಿಂದ ಕೇಳಬೇಕು ಎಂದು ಪಟ್ಟು ಹಿಡಿದು ತಿಂಗಳಿಗೊಂದರಂತೆ ಸಿಡಿ ಕೊಟ್ಟರು. ಬಹುಶಃ ನಿಮ್ಮೆಲ್ಲರಲ್ಲಿ ಕ್ರಮವಾಗಿ ಕೇಳಿದವಳು ನಾನೊಬ್ಬಳೇ. ಮೆಚ್ಚಿನದ್ದು ಮಾತ್ರ ಮೊದಲನೆಯದಲ್ಲ, ಏಳನೆಯದು. 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’. ಅದರವರೆಗೆ ಅವರು ಕಲಿತದ್ದೆಲ್ಲ ಅಲ್ಲಿ ಒಟ್ಟಿಗೆ ಬಂದಿದೆ ಎಂದು ನನಗನ್ನಿಸುವುದು ಉಳಿದ ಆರನ್ನು ಸಾಲಾಗಿ ಕೇಳಿದ್ದರಿಂದಲೇ. ನಿಮ್ಮ ಸಿದ್ಧಾಂತ ಇಲ್ಲಿ ಕುಂಟುತ್ತದೆ.

ಎರಡನೇ ಬದಿ

ಕುಂಟುತ್ತದೆ ಎಂದು ನಾನು ಒಪ್ಪಬೇಕಿಲ್ಲ ಮೇಡಂ. ಎಲ್ಲವನ್ನೂ ಕ್ರಮವಾಗಿ ಕೇಳಿದವರಿಗೆ ಆ ಕ್ರಮವೇ ಬಾಗಿಲಾಯಿತು, ಹಾಗಾಗಿ ಕ್ರಮದ ತುದಿಯಲ್ಲಿರುವುದು ಪ್ರಿಯವಾಯಿತು. ಕಿಂಗ್ಸ್‌ಬರಿಯ ವಿವರಕ್ಕೆ ಧನ್ಯವಾದಗಳು, ಕೋರಿಕೆಗಳ ಪಟ್ಟಿ ಪತ್ರಿಕೆಯಲ್ಲಿ ಬಂದು ತಂಡ ಬೆಳೆದ ಆ ಭಾಗವನ್ನು ಇನ್ನಷ್ಟು ಬರೆದರೆ ಓದಲು ಸಿದ್ಧನಿದ್ದೇನೆ.

ಅರಮನೆ ಮೈದಾನ

ಹಳೆಯ ಅಭಿಮಾನಿಗಳೆಂದರೆ ಕ್ಯಾಸೆಟ್ ಕೇಳಿದವರು ಮಾತ್ರವೇ ಎಂಬುದನ್ನು ಮೊದಲು ಯಾರಾದರೂ ಸ್ಪಷ್ಟಪಡಿಸಬೇಕು. 2007ರ ಮಾರ್ಚ್ 17ರ ಶನಿವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ತಂಡ ಭಾರತದಲ್ಲಿ ಮೊದಲ ಬಾರಿ ನುಡಿಸಿದಾಗ ನಾನು ಅಲ್ಲಿದ್ದೆ, ಆದರೆ ಅದಕ್ಕೆ ಮುಂಚೆ ಅವರ ಒಂದು ಹಾಡನ್ನೂ ಕೇಳಿರಲಿಲ್ಲ. ಆಫೀಸಿನ ಗೆಳತಿಯ ಬಳಿ ಒಂದು ಟಿಕೆಟ್ ಹೆಚ್ಚಿಗೆ ಇತ್ತು, ಬೇರೆ ಕೆಲಸವಿರಲಿಲ್ಲ, ಹೋದೆ. ಮೇಖ್ರಿ ವೃತ್ತದ ಕಡೆಯಿಂದಲೇ ಕಪ್ಪು ಟೀ-ಶರ್ಟುಗಳ ಸಾಲು. ಕೊಲ್ಕತ್ತಾದಿಂದ, ಈಶಾನ್ಯ ರಾಜ್ಯಗಳಿಂದ ರೈಲಿನಲ್ಲಿ ಬಂದವರು ನಮ್ಮ ಹಿಂದೆ ನಿಂತಿದ್ದರು. ಮೊದಲು ದಿಲ್ಲಿಯ ಪರಿಕ್ರಮ ತಂಡ, ಆಮೇಲೆ ಸ್ಟೀವ್ ಹ್ಯಾರಿಸ್ ಅವರ ಮಗಳು ಲಾರೆನ್ ಹ್ಯಾರಿಸ್ ಅವರ ತಂಡ ನುಡಿಸಿದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಫಿಯರ್ ಆಫ್ ದ ಡಾರ್ಕ್’. ಆ ಹಾಡಿನ ಆರಂಭದಲ್ಲಿ ಗಿಟಾರ್ ನುಡಿಸುವ ರಾಗವಿದೆಯಲ್ಲ, ಮಾತಿಲ್ಲದ ಆ ರಾಗವನ್ನು ಇಡೀ ಮೈದಾನ ಗಿಟಾರಿನ ಜೊತೆಗೇ ಹಾಡತೊಡಗಿತು. ಗಾಯಕರು ಇನ್ನೂ ಬಾಯಿ ತೆರೆದಿರಲಿಲ್ಲ. ನನ್ನ ಪಕ್ಕದಲ್ಲಿ ಆಫೀಸಿನಿಂದ ನೇರವಾಗಿ ಬಂದಂತಿದ್ದ, ಐಡಿ ಕಾರ್ಡನ್ನು ಜೇಬಿಗೆ ತುರುಕಿಕೊಂಡ ನಡುವಯಸ್ಸಿನವರೊಬ್ಬರು ಕಣ್ಣು ಮುಚ್ಚಿ ಹಾಡುತ್ತಿದ್ದರು. ಇಷ್ಟು ಜನ ಇದನ್ನು ಯಾವಾಗ, ಎಲ್ಲಿ ಕಲಿತರು ಎಂಬುದು ಅಂದು ನನಗೆ ಬಗೆಹರಿಯಲಿಲ್ಲ. ಮೇಲಿನ ಉತ್ತರಗಳನ್ನು ಓದಿದ ಮೇಲೆ ಈಗ ತಿಳಿಯುತ್ತಿದೆ.

ಮರುವಾರವೇ ಬ್ರಿಗೇಡ್ ರಸ್ತೆಗೆ ಹೋಗಿ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಸಿಡಿ ಕೊಂಡೆ, ಏಕೆಂದರೆ ಆ ಪ್ರವಾಸ ನಡೆದದ್ದು 2006ರ ಆ ಆಲ್ಬಮ್ಮಿಗಾಗಿ. ಹಾಗಾಗಿ ನನ್ನ ಮೊದಲ ಆಲ್ಬಂ ಇಲ್ಲಿ ಯಾರ ಪಟ್ಟಿಯಲ್ಲೂ ಇಲ್ಲದ್ದು. ಎಂಟು ಒಂಬತ್ತು ನಿಮಿಷಗಳ ಯುದ್ಧದ ಹಾಡುಗಳು, ಆತುರವಿಲ್ಲ, ಕುಣಿಸುವ ಉದ್ದೇಶವೂ ಇಲ್ಲ. ನನಗೆ ಅದೇ ಇಷ್ಟ.

ಸಿ-90

ಆ ಸಾಲಿನಲ್ಲಿ ನಾನೂ ಇದ್ದೆ, ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಬಂದು. ಅರಮನೆ ಮೈದಾನ ಅವರೇ, ನಿಮ್ಮನ್ನು ಹೊಸಬರೆಂದು ಯಾರೂ ಕರೆಯಲಾರರು. ಆದರೆ ನನಗೆ ಬೇಕಾದದ್ದು ಸಿಕ್ಕಿದ್ದು 2007ರಲ್ಲಿ ಅಲ್ಲ, 2009ರ ಫೆಬ್ರುವರಿ 15ರಂದು ಅದೇ ಮೈದಾನದಲ್ಲಿ. ಹೆಚ್ಚಾಗಿ ಎಂಬತ್ತರ ದಶಕದ ಹಾಡುಗಳನ್ನು ಆರಿಸಿಕೊಂಡ ಆ ಪ್ರವಾಸದ ಪಟ್ಟಿಯಲ್ಲಿ ‘ಏನ್ಶಿಯೆಂಟ್ ಮ್ಯಾರಿನರ್’ ಇತ್ತು. ಹಿಂದಿನ ವರ್ಷ ಇದೇ ಪ್ರವಾಸ ಮುಂಬಯಿಯಲ್ಲಿ ಆರಂಭವಾಗಿತ್ತು, ಬ್ರೂಸ್ ಡಿಕಿನ್ಸನ್ ತಾವೇ ಬೋಯಿಂಗ್ 757 ವಿಮಾನ ನಡೆಸಿಕೊಂಡು ತಂಡವನ್ನೂ ಸಾಮಾನನ್ನೂ ಕರೆತಂದಿದ್ದರು. ಅದಕ್ಕೆ ಹೋಗಲಾಗಿರಲಿಲ್ಲ. ಬೆಂಗಳೂರಿನಲ್ಲಿ ಮೆಲುದನಿಯ ಭಾಗ ಮುಗಿದು ತಂಡ ಮೇಲೆದ್ದಾಗ, ಸಿಡಿಯಲ್ಲಿ ಆ ಹಾಡನ್ನು ಪೂರ್ತಿ ಎಷ್ಟೋ ಸಲ ಕೇಳಿದ್ದರೂ, ನನ್ನ ಬೆರಳು ತಾನಾಗಿಯೇ ಸ್ಟಾಪ್ ಗುಂಡಿಗಾಗಿ ಹುಡುಕಿತು.

ಇಂಗ್ಲಿಷ್ ಮೇಷ್ಟ್ರು

ಅಂತೂ ಮಳೆ ಬಂತು ಎನ್ನಿ.

ಹಳೇ ತಟ್ಟೆ

ತಡವಾಗಿ ಬರೆಯುತ್ತಿದ್ದೇನೆ. ಮಂಗಳೂರಿನಲ್ಲಿ ನಾನು ಹೈಸ್ಕೂಲಿನಲ್ಲಿದ್ದಾಗ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕಪ್ಪ ‘ಕಿಲ್ಲರ್ಸ್’ ಎಲ್‌ಪಿಯನ್ನು ಹೊರದೇಶದ ಬಂದರಿನಲ್ಲಿ ಕೊಂಡು ತಂದಿದ್ದರು, ಆಲ್ಬಂ ಬಂದ ವರ್ಷವೇ. ಆಗ ಬ್ರೂಸ್ ಡಿಕಿನ್ಸನ್ ಇನ್ನೂ ಸ್ಯಾಮ್ಸನ್ ತಂಡದಲ್ಲಿದ್ದರು. ಲಂಡನ್ ಕನ್ನಡತಿ ಅವರನ್ನು ಬಿಟ್ಟರೆ ನಿಮ್ಮಲ್ಲಿ ಯಾರೂ ಪಾಲ್ ಡಿಯಾನೋ ಅವರನ್ನು ಮೊದಲು ಕೇಳಿದವರಲ್ಲ ಎಂಬುದು ಓದುತ್ತಲೇ ಗೊತ್ತಾಗುತ್ತದೆ. ಅವರ ಕಂಠದಲ್ಲಿ ಬೀದಿಯ ಒರಟುತನವಿದೆ, ಅದು ಆ ಹಾಡುಗಳಿಗೆ ಬೇಕಾದದ್ದು. ಏಡ್ರಿಯನ್ ಸ್ಮಿತ್ ನುಡಿಸಿದ ಮೊದಲ ಆಲ್ಬಂ ಅದು, ಮಾರ್ಟಿನ್ ಬರ್ಚ್ ಈ ತಂಡಕ್ಕೆ ನಿರ್ಮಾಪಕರಾಗಿ ಬಂದದ್ದೂ ಅದರಿಂದಲೇ, ಕ್ಲೈವ್ ಬರ್ ಅವರ ಡ್ರಮ್ಸಿನ ಹಗುರವಾದ ಕೈಚಳಕ ಅವರು ಬಿಟ್ಟ ಮೇಲೆ ಈ ತಂಡದಲ್ಲಿ ಕೇಳಿಸಲಿಲ್ಲ. ಕ್ಲೈವ್ 2013ರಲ್ಲಿ ತೀರಿಕೊಂಡರು, ಪಾಲ್ 2024ರ ಅಕ್ಟೋಬರಿನಲ್ಲಿ. ಬ್ರೂಸ್ ಒಳ್ಳೆಯ ಹಾಡುಗಾರರೇ. ನಮ್ಮ ಮನೆಯಲ್ಲಿ ಅವರನ್ನು ಇಂದಿಗೂ ಹೊಸ ಗಾಯಕರೆಂದೇ ಕರೆಯುವುದು.

ಎರಡನೇ ಬದಿ

ಸರ್, ತಾವು ‘ಲೈವ್ ಆಫ್ಟರ್ ಡೆತ್’ನಲ್ಲಿ ಬ್ರೂಸ್ ಅವರು ಹಾಡಿರುವ ‘ರ‍್ಯಾತ್‌ಚೈಲ್ಡ್’, ‘ಫ್ಯಾಂಟಮ್ ಆಫ್ ದ ಓಪೆರಾ’, ‘ರನ್ನಿಂಗ್ ಫ್ರೀ’ ಈ ಮೂರನ್ನು ಕೇಳಿ ಅಭಿಪ್ರಾಯ ತಿಳಿಸಬೇಕೆಂದು ವಿನಂತಿ.

ಹಳೇ ತಟ್ಟೆ

ಕೇಳಿದ್ದೇನೆ. ಮೊದಲನೆಯದು ಪರವಾಗಿಲ್ಲ. ಎರಡನೆಯದರಲ್ಲಿ ಗಿಟಾರ್ ಚೆನ್ನಾಗಿದೆ. ‘ರನ್ನಿಂಗ್ ಫ್ರೀ’ ಮೂರು ನಿಮಿಷ ಚಿಲ್ಲರೆಯ ಹಾಡು, ಅದನ್ನು ಎಂಟು ನಿಮಿಷ ದಾಟುವವರೆಗೆ ಜನರಿಂದ ಹಾಡಿಸುತ್ತಾ ಕೂರುವ ಅಗತ್ಯವೇನಿತ್ತು?